ಹಾಲಿನ ಸಕ್ಕರೆ ಮತ್ತು ಕಣ್ಣಿಲ್ಲದ ಕಾವಲುಗಾರ

ಹಾಲು, ಮೊಸರು, ಮಜ್ಜಿಗೆಗಳಿಲ್ಲದ ಊಟ ನಮ್ಮ ಕಡೆಯ ಮನೆಗಳಲ್ಲಿ ಊಟವೆನಿಸುವುದಿಲ್ಲ. ಮನೋಳಿಯಿಂದ ಸವದತ್ತಿಯವರೆಗೆ, ರಾಮದುರ್ಗದಿಂದ ಬೈಲಹೊಂಗಲದವರೆಗೆ ಯಾವ ಮನೆಗೆ ಹೋದರೂ ರೊಟ್ಟಿಯ ತಾಟಿನ ಪಕ್ಕದಲ್ಲಿ ಕೆನೆಮೊಸರಿನ ಬಟ್ಟಲು ಇದ್ದೇ ಇರುತ್ತದೆ. ಈ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಒಂದು ಬಗೆಯ ಸಕ್ಕರೆಯಿದೆ. ಅದರ ಬಹುಭಾಗ ಸಣ್ಣ ಕರುಳಿನಲ್ಲಿಯೇ ಅರಗಿ ರಕ್ತವನ್ನು ಸೇರುತ್ತದೆ. ಅರಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಾಗಳು ನಾವು ಉಂಡ ಅನ್ನದ ಶೇಷವನ್ನೇ ನಂಬಿ ಸಂಸಾರ ಹೂಡಿವೆ. ಅವುಗಳಲ್ಲಿ ಎಶೆರಿಕಿಯ ಕೋಲೈ ಎಂಬುದೊಂದು. ಇ. ಕೋಲೈ ಎಂಬುದು ಅದರ ಚಿಕ್ಕ ಹೆಸರು. ಇದರ ಕೆಲವು ತಳಿಗಳು ಭೇದಿಯನ್ನು ತರುವುದುಂಟು, ಹೆಚ್ಚಿನವು ನಿರುಪದ್ರವಿಗಳು. ಈ ಸೂಕ್ಷ್ಮಜೀವಿಯ ಒಡಲಿನೊಳಗೆ ಪ್ರತಿಕ್ಷಣವೂ ನಡೆಯುವ ಒಂದು ಹುಡುಕಾಟದ ಸಂಗತಿಯನ್ನು ವಾಚಕ ಬಂಧುಗಳ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ.

ಹಾಲಿನ ಸಕ್ಕರೆಯನ್ನು ಒಡೆದು ತಿನ್ನಲು ಇ. ಕೋಲೈಗೆ ಒಂದು ಕಿಣ್ವ ಬೇಕು. ಆ ಕಿಣ್ವವನ್ನು ತಯಾರಿಸುವ ವಿಧಾನ ಅದರ ಡಿಎನ್‌ಎಯಲ್ಲಿ ಬರೆದಿರುತ್ತದೆ. ಡಿಎನ್‌ಎ ಎಂದರೆ ಜೀವಿಯ ಸಕಲ ಲಕ್ಷಣಗಳನ್ನೂ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಬರೆದಿಟ್ಟಿರುವ ಉದ್ದನೆಯ ಎಳೆ. ಹುರಿ ಮಾಡಿದ ಹಗ್ಗದ ಏಣಿಯಂತೆ ಅದರ ಆಕಾರ. ಆದರೆ ಹಾಲಿನ ಸಕ್ಕರೆ ಬಂದಿರದಾಗ ಆ ಕಿಣ್ವವನ್ನು ತಯಾರಿಸುತ್ತ ಕೂಡುವುದು ವ್ಯರ್ಥ ಖರ್ಚು. ಅತಿಥಿಗಳು ಬರುವ ಸುದ್ದಿಯೇ ಇಲ್ಲದಿರುವಾಗ ಹೋಳಿಗೆಗೆ ಹೂರಣ ರುಬ್ಬುವ ಗೃಹಿಣಿ ಎಲ್ಲಿದ್ದಾಳೆ? ಬ್ಯಾಕ್ಟೀರಿಯಾವೂ ಅಷ್ಟೇ ಜಾಣತನದ ಸಂಸಾರಿ. ಆ ಜೀನಿನ ಬಾಗಿಲಲ್ಲಿ ಅದು ಒಬ್ಬ ಕಾವಲುಗಾರನನ್ನು ಕೂಡ್ರಿಸಿದೆ. ರಿಪ್ರೆಸರ್, ಅಂದರೆ ತಡೆಯುವವನು ಎಂದು ಅವನ ಹೆಸರು. ಅವನೂ ಒಂದು ಪ್ರೋಟೀನ್. ಅವನು ಬಾಗಿಲಲ್ಲಿ ಕುಳಿತಿರುವವರೆಗೆ ಕಿಣ್ವ ತಯಾರಾಗುವುದಿಲ್ಲ ಎನ್ನುವಷ್ಟು ಕಡಿಮೆ. ಹಾಲಿನ ಸಕ್ಕರೆ ಒಳಗೆ ಬಂದಾಗ ಅದರ ತುಸು ಮಾರ್ಪಟ್ಟ ರೂಪವೊಂದು ಹೋಗಿ ಕಾವಲುಗಾರನನ್ನು ಹಿಡಿಯುತ್ತದೆ; ಅವನ ಹಿಡಿತ ಸಡಿಲವಾಗಿ ಬಾಗಿಲು ತೆರೆಯುತ್ತದೆ; ಕಿಣ್ವದ ತಯಾರಿಕೆ ಸಾವಿರ ಪಟ್ಟಿನವರೆಗೆ ಏರುತ್ತದೆ.

ಸಕ್ಕರೆ ತೀರಿದ ಮೇಲೆ ಕಾವಲುಗಾರ ಮತ್ತೆ ತನ್ನ ಬಾಗಿಲಿಗೆ ಮರಳಬೇಕು. ಆ ಬಾಗಿಲು ಅವನಿಗೆ ಸಿಗುವುದು ಹೇಗೆ? ಪ್ರಶ್ನೆ ಇಷ್ಟೇ. ಉತ್ತರವನ್ನು ಹುಡುಕುವುದರಲ್ಲಿ ಜಗತ್ತಿನ ವಿಜ್ಞಾನಿಗಳು ಐವತ್ತು ವರ್ಷಗಳಿಗೂ ಹೆಚ್ಚು ಕಾಲವನ್ನು ಕಳೆದಿದ್ದಾರೆ.

ಇಂಥ ಕಾವಲುಗಾರ ಇರಲೇಬೇಕೆಂದು ಮೊದಲು ತರ್ಕಿಸಿ ಹೇಳಿದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ. ಅದು 1961ರ ಮಾತು. ಅವರಿಗೂ ಅವರ ಹಿರಿಯ ಸಹೋದ್ಯೋಗಿ ಆಂದ್ರೆ ಲ್ವೋಫ್ ಅವರಿಗೂ 1965ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆಗಿನ್ನೂ ಕಾವಲುಗಾರನನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. 1966ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮುಲ್ಲರ್-ಹಿಲ್ ಅವನನ್ನು ಜೀವಕೋಶದಿಂದ ಬೇರ್ಪಡಿಸಿ ತೋರಿಸಿದರು. ಒಂದು ಜೀವಕೋಶದಲ್ಲಿ ಇಂಥ ಕಾವಲುಗಾರರು ಸುಮಾರು ಹತ್ತು ಮಂದಿ ಮಾತ್ರ. ಲಕ್ಷಗಟ್ಟಲೆ ಪ್ರೋಟೀನುಗಳ ಸಂತೆಯಲ್ಲಿ ಹತ್ತು ಮಂದಿ!

ಸಾಸಿವೆ ಕಾಳಿನಷ್ಟು ವಿಳಾಸ

ಹುಡುಕಾಟ ಎಷ್ಟು ಕಠಿಣವೆಂಬುದು ಅಳತೆಗಳನ್ನು ನೋಡಿದ ಹೊರತು ಮನಸ್ಸಿಗೆ ಬರುವುದಿಲ್ಲ. ಇ. ಕೋಲೈಯ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಅದರೊಳಗಿನ ಡಿಎನ್‌ಎ ಎಳೆಯನ್ನು ಬಿಚ್ಚಿ ನೆಟ್ಟಗೆ ಹಿಡಿದರೆ ಸುಮಾರು ಒಂದೂವರೆ ಮಿಲಿಮೀಟರಿಗೂ ಹೆಚ್ಚು. ಅಂದರೆ ಜೀವಿಯ ಉದ್ದದ ಎಂಟುನೂರು ಪಟ್ಟು. ಆ ಎಳೆಯಲ್ಲಿರುವ ಅಕ್ಷರಜೋಡಿಗಳು 46 ಲಕ್ಷಕ್ಕೂ ಮಿಗಿಲು. 1997ರಲ್ಲಿ ಇವುಗಳನ್ನೆಲ್ಲ ಒಂದೂ ಬಿಡದಂತೆ ಓದಿ ಪ್ರಕಟಿಸಿದರು.

ಇವನ್ನೆಲ್ಲ ಮೂರು ಲಕ್ಷ ಪಟ್ಟು ದೊಡ್ಡದು ಮಾಡಿ ನೋಡೋಣ. ಬ್ಯಾಕ್ಟೀರಿಯಾ ಆಗ ಎರಡು ಅಡಿ ಉದ್ದದ ಒಂದು ಟ್ರಂಕಾಗುತ್ತದೆ. ಅದರೊಳಗೆ ಹೊಲಿಯುವ ದಪ್ಪ ದಾರದಂಥ ಎಳೆ ಸಾವಿರದ ಆರುನೂರು ಅಡಿ ಉದ್ದಕ್ಕೆ ಮಡಿಕೆ ಮಡಿಕೆಯಾಗಿ ತುರುಕಿರುತ್ತದೆ. ನಮ್ಮ ಕಾವಲುಗಾರ ಒಂದು ಜೋಳದ ಕಾಳಿನಷ್ಟು. ಅವನು ಕೂಡಬೇಕಾದ ಬಾಗಿಲು, ಇಪ್ಪತ್ತೊಂದು ಅಕ್ಷರಜೋಡಿಗಳ ಒಂದು ತುಣುಕು, ಸಾಸಿವೆ ಕಾಳಿನ ಅಗಲದಷ್ಟು. ಸಾವಿರದ ಆರುನೂರು ಅಡಿ ದಾರದಲ್ಲಿ ಸಾಸಿವೆಯಷ್ಟು ಜಾಗ! ಇದರ ಜೊತೆಗೆ ಟ್ರಂಕು ಬರಿದಾಗಿಲ್ಲ. ಇತರ ಕಾಳುಕಡಿಗಳಿಂದಲೂ ನೀರಿನಿಂದಲೂ ಇಕ್ಕಟ್ಟಾಗಿ ತುಂಬಿದೆ. ಕಾವಲುಗಾರನಿಗೆ ಕಣ್ಣಿಲ್ಲ, ಕಿವಿಯಿಲ್ಲ, ದಾರಿ ತೋರಿಸುವವರಿಲ್ಲ. ಅವನಿಗೆ ತನ್ನದೇ ಆದ ನಡಿಗೆಯೂ ಇಲ್ಲ. ನೀರಿನ ಕಣಗಳು ಎಲ್ಲ ಕಡೆಯಿಂದಲೂ ನೂಕುವಾಗ ಎತ್ತ ಹೋದರೆ ಅತ್ತ. ಮುಟ್ಟಿದ ಮೇಲಷ್ಟೇ ಇದು ನನ್ನ ಜಾಗವೋ ಅಲ್ಲವೋ ಎಂಬುದು ಅವನಿಗೆ ತಿಳಿಯಬೇಕು.

ಅಷ್ಟು ಉದ್ದದ ವಿಳಾಸ ಏಕೆ ಬೇಕೆಂದು ಕೆಲವರು ಕೇಳಿಯಾರು. ನಾಲ್ಕು ಅಕ್ಷರಗಳ ಲಿಪಿಯಲ್ಲಿ ಆರು ಅಕ್ಷರದ ಒಂದು ಪದ ಆಕಸ್ಮಿಕವಾಗಿಯೇ 4,096 ಸ್ಥಾನಗಳಿಗೊಮ್ಮೆ ಬರುತ್ತದೆ. 46 ಲಕ್ಷ ಅಕ್ಷರಗಳಲ್ಲಿ ಅಂಥದು ಸಾವಿರಕ್ಕೂ ಹೆಚ್ಚು ಕಡೆ ಸಿಕ್ಕುತ್ತದೆ. ಹನ್ನೆರಡು ಅಕ್ಷರಗಳಾದರೆ 1 ಕೋಟಿ 67 ಲಕ್ಷಕ್ಕೊಮ್ಮೆ. ಆಗ ಇಡೀ ಎಳೆಯಲ್ಲಿ ಅದು ತಾನಾಗಿ ಇನ್ನೊಮ್ಮೆ ಬರುವ ಸಂಭವ ಕಡಿಮೆ. ಊರಿನಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಇದ್ದರೆ ಮನೆತನದ ಹೆಸರು, ತಂದೆಯ ಹೆಸರು ಸೇರಿಸಿ ಹೇಳುತ್ತೇವಲ್ಲ, ಹಾಗೆ.

1970ರಲ್ಲಿ ಆರ್ಥರ್ ರಿಗ್ಸ್, ಸುಝಾನ್ ಬೂರ್ಜ್ವಾ ಮತ್ತು ಮೆಲ್ವಿನ್ ಕೋನ್ ಎಂಬ ಮೂವರು ಪ್ರನಾಳದಲ್ಲಿ ಈ ಕಾವಲುಗಾರನನ್ನೂ ಡಿಎನ್‌ಎಯನ್ನೂ ಬೆರೆಸಿ, ಅವನು ಬಾಗಿಲನ್ನು ಎಷ್ಟು ಬೇಗ ಸೇರುತ್ತಾನೆಂದು ಅಳೆದರು. ದ್ರವದಲ್ಲಿ ತೇಲಿ ಅಲೆಯುವ ಎರಡು ಕಣಗಳು ಪರಸ್ಪರ ಸಂಧಿಸುವ ವೇಗಕ್ಕೆ ಭೌತವಿಜ್ಞಾನ ಒಂದು ಮೇಲ್ಮಿತಿಯನ್ನು ಹಾಕಿಕೊಟ್ಟಿದೆ. ಇವರ ಅಳತೆ ಆ ಮಿತಿಯನ್ನು ಹತ್ತಿರ ಹತ್ತಿರ ನೂರು ಪಟ್ಟು ಮೀರಿತ್ತು. ಈ ನೂರು ಪಟ್ಟು ಎಂಬ ಮಾತು ಅಂದಿನಿಂದ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಆದರೆ ಆ ಪ್ರಯೋಗವನ್ನು ಮಾಡಿದ್ದು ಉಪ್ಪಿನಂಶ ಬಹಳ ಕಡಿಮೆಯಿದ್ದ ನೀರಿನಲ್ಲಿ. ಅಂಥ ನೀರಿನಲ್ಲಿ ಪ್ರೋಟೀನಿನ ಧನ ವಿದ್ಯುದಂಶವೂ ಡಿಎನ್‌ಎಯ ಋಣ ವಿದ್ಯುದಂಶವೂ ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಜೀವಕೋಶದಲ್ಲಿರುವಷ್ಟು ಉಪ್ಪನ್ನು ಬೆರೆಸಿದರೆ ಆ ವೇಗ ಬಹಳಷ್ಟು ಇಳಿಯುತ್ತದೆ. ಇದನ್ನು ಬ್ರಿಟನ್ನಿನ ಸ್ಟೀಫನ್ ಹಾಲ್‌ಫರ್ಡ್ 2009ರಲ್ಲಿ ಕಟುವಾಗಿಯೇ ಬರೆದರು. ಅವರ ಮಾತು ಸರಿಯೆಂದೇ ನಮಗೆ ತೋರುತ್ತದೆ. ಆದರೂ ಆ 1970ರ ಅಳತೆ ಒಂದು ಉಪಕಾರವನ್ನು ಮಾಡಿತು: ಪ್ರೋಟೀನು ಕೇವಲ ತೇಲಾಡಿ ಗುರಿಯನ್ನು ಮುಟ್ಟುತ್ತದೆಂಬ ಸುಲಭದ ನಂಬಿಕೆಯನ್ನು ಅಲುಗಿಸಿತು.

ಓಣಿಯಲ್ಲಿ ನಾಲ್ಕು ಮನೆ, ಮತ್ತೆ ಬೇರೆ ಓಣಿ

ಕಣ್ಣು ಕಟ್ಟಿದ ಪರಸ್ಥಳದವನೊಬ್ಬ ಮನೋಳಿಯಲ್ಲಿ ಒಂದು ಮನೆಯನ್ನು ಹುಡುಕಬೇಕಾಗಿದೆ ಎಂದು ಭಾವಿಸೋಣ. ಯಾರನ್ನೂ ಕೇಳುವ ಹಾಗಿಲ್ಲ. ಬಾಗಿಲ ಮೇಲಿನ ಕೆತ್ತನೆಯನ್ನು ಕೈಯಿಂದ ಸವರಿ ನೋಡಿಯೇ ಗುರುತಿಸಬೇಕು. ಒಂದು ಬಾಗಿಲನ್ನು ಮುಟ್ಟಿ, ಅದಲ್ಲವೆಂದು ಕೂಡಲೆ ಬಿಟ್ಟು, ಊರಿನ ಮತ್ತೊಂದು ಮೂಲೆಗೆ ಹೋಗಿ ಇನ್ನೊಂದನ್ನು ಮುಟ್ಟುವುದು ಮೊದಲನೆಯ ರೀತಿ. ಇದರಲ್ಲಿ ಅವನ ಹೊತ್ತೆಲ್ಲ ತಿರುಗಾಟದಲ್ಲೇ ಹೋಗುತ್ತದೆ. ಪ್ರತಿ ಸಲವೂ ಒಂದೇ ಬಾಗಿಲಿನ ಪರೀಕ್ಷೆ. ಒಮ್ಮೆ ಓಣಿಯನ್ನು ಹಿಡಿದನೆಂದರೆ ಬಿಡದೆ ಗೋಡೆ ಸವರುತ್ತಲೇ ಸಾಗುವುದು ಎರಡನೆಯ ರೀತಿ. ಕೇಳಲು ಇದೇ ಮೇಲೆನಿಸುತ್ತದೆ. ಆದರೆ ನಮ್ಮ ಹುಡುಕಾಟಗಾರನಿಗೆ ಮುಂದು ಹಿಂದಿನ ಪರಿವೆಯಿಲ್ಲ ಎಂಬುದನ್ನು ಮರೆಯಬಾರದು. ಒಂದು ಹೆಜ್ಜೆ ಮುಂದೆ, ಮತ್ತೊಂದು ಹಿಂದೆ, ಮತ್ತೆರಡು ಮುಂದೆ, ನಾಣ್ಯ ಚಿಮ್ಮಿದಂತೆ. ಹೀಗೆ ತಡವರಿಸುವವನು ಹತ್ತು ಮನೆ ದೂರ ಸಾಗಲು ನೂರು ಹೆಜ್ಜೆ, ನೂರು ಮನೆ ದೂರ ಸಾಗಲು ಹತ್ತು ಸಾವಿರ ಹೆಜ್ಜೆ ಬೇಕು. ಮುಟ್ಟಿದ ಬಾಗಿಲನ್ನೇ ಮತ್ತೆ ಮತ್ತೆ ಮುಟ್ಟುತ್ತಾನೆ. ಡಿಎನ್‌ಎಯ ಮೇಲೆ ಜಾರುವ ಪ್ರೋಟೀನಿನ ವೇಗವನ್ನು ಹಿಡಿದು ಲೆಕ್ಕ ಹಾಕಿದರೆ, ಒಂದೇ ಸಮನೆ ಜಾರುತ್ತ 46 ಲಕ್ಷ ಅಕ್ಷರಗಳ ಈ ತುದಿಯಿಂದ ಆ ತುದಿಗೆ ತಲುಪಲು ತಿಂಗಳುಗಟ್ಟಲೆ ಹಿಡಿದೀತು. ಒಳ್ಳೆಯ ಆಹಾರ ಸಿಕ್ಕಾಗ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಒಡೆದು ಎರಡಾಗುತ್ತದೆ!

ಆದ್ದರಿಂದ ಮೂರನೆಯ ರೀತಿಯೇ ಗತಿ. ಓಣಿಯನ್ನು ಹಿಡಿದು ಅತ್ತಿತ್ತ ಒಂದಷ್ಟು ಬಾಗಿಲುಗಳನ್ನು ಸವರಿ, ಅಲ್ಲಿ ಸಿಗದಿದ್ದರೆ ಹೆಚ್ಚು ಹೊತ್ತು ನಿಲ್ಲದೆ ಹೊರಬಿದ್ದು, ಬೇರೊಂದು ಓಣಿಯನ್ನು ಹೊಗುವುದು. ಮೂರು ದಿಕ್ಕಿಗೂ ಚಾಚಿದ ಬಯಲಿನಲ್ಲಿ ಹುಡುಕುವುದಕ್ಕಿಂತ ಒಂದು ಮೇಲ್ಮೈಯನ್ನೋ ಗೆರೆಯನ್ನೋ ಹಿಡಿದು ಹುಡುಕುವುದು ಸುಲಭವೆಂಬ ವಿಚಾರವನ್ನು 1968ರಲ್ಲಿಯೇ ಗೆರೋಲ್ಡ್ ಆಡಮ್ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಮುಂದಿಟ್ಟಿದ್ದರು. 1981ರಲ್ಲಿ ಓಟೋ ಬರ್ಗ್, ರಾಬರ್ಟ್ ವಿಂಟರ್ ಮತ್ತು ಪೀಟರ್ ಫಾನ್ ಹಿಪ್ಪೆಲ್ ಇದನ್ನು ಡಿಎನ್‌ಎಗೆ ಅನ್ವಯಿಸಿ ಪೂರ್ಣ ಗಣಿತದ ರೂಪ ಕೊಟ್ಟರು: ತೇಲುವುದು, ಎಳೆಯನ್ನು ಹಿಡಿದು ಜಾರುವುದು, ತುಸು ನೆಗೆದು ಹತ್ತಿರದಲ್ಲೇ ಮತ್ತೆ ಹಿಡಿಯುವುದು, ಎರಡು ಮಡಿಕೆಗಳು ಹತ್ತಿರ ಬಂದಾಗ ಒಂದರಿಂದ ಇನ್ನೊಂದಕ್ಕೆ ದಾಟುವುದು.

ಇದೆಲ್ಲ ಲೆಕ್ಕದ ಮಾತಾಯಿತು. ಜೀವಂತ ಬ್ಯಾಕ್ಟೀರಿಯಾದೊಳಗೆ ನಿಜಕ್ಕೂ ಹೀಗೆಯೇ ನಡೆಯುತ್ತದೆಯೆ? ಅದನ್ನು ಕಣ್ಣಾರೆ ಕಂಡದ್ದು 2007ರಲ್ಲಿ. ಜೋಹಾನ್ ಎಲ್ಫ್, ಸನ್ನಿ ಷೀ ಮತ್ತು ಅವರ ಸಂಗಡಿಗರು ಹಾರ್ವರ್ಡಿನಲ್ಲಿ ಕಾವಲುಗಾರನ ಬೆನ್ನಿಗೆ ಹಳದಿಯಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಹೊಂದಿಸಿದರು. ರಾತ್ರಿಯ ಹೊತ್ತು ಕೈಯಲ್ಲಿ ಕಂದೀಲು ಹಿಡಿದು ನಡೆಯುವವನು ದೂರಕ್ಕೂ ಕಾಣಿಸುವ ಹಾಗೆ. ಅವನು ಒಂದೆಡೆ ಕುಳಿತಿದ್ದರೆ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾದ ಚುಕ್ಕೆ; ತೇಲುತ್ತಿದ್ದರೆ ಚಿತ್ರ ಮಸುಕು. ಲೇಸರ್ ಬೆಳಕನ್ನು ಕ್ಷಣಭಾಗ ಮಾತ್ರ ಮಿಂಚಿಸಿ ತೆಗೆದ ಚಿತ್ರಗಳಿಂದ ಅವರು ಕಂಡುಕೊಂಡದ್ದಿಷ್ಟು: ಹುಡುಕುವ ಕಾಲದ ನೂರರಲ್ಲಿ ಸುಮಾರು ತೊಂಬತ್ತು ಪಾಲನ್ನು ಅವನು ಡಿಎನ್‌ಎಗೆ ಅಂಟಿಕೊಂಡೇ ಕಳೆಯುತ್ತಾನೆ. ಆದರೆ ಒಂದು ಕಡೆ ಅಂಟಿದರೆ ಅಲ್ಲಿರುವುದು ಐದು ಮಿಲಿಸೆಕೆಂಡಿಗಿಂತ ಕಡಿಮೆ, ಅಂದರೆ ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಕೋಶದಲ್ಲಿ ಒಬ್ಬನೇ ಕಾವಲುಗಾರ ಇದ್ದರೂ ಸುಮಾರು ಆರು ನಿಮಿಷದೊಳಗೆ ಬಾಗಿಲು ಸಿಗುತ್ತದೆ. ಹತ್ತು ಮಂದಿ ಒಟ್ಟಿಗೆ ಹುಡುಕುವಾಗ ಒಂದು ನಿಮಿಷವೂ ಬೇಡ.

2012ರಲ್ಲಿ ಎಲ್ಫ್ ಅವರ ಬಳಗ ಸ್ವೀಡನ್ನಿನ ಉಪ್ಸಲಾದಲ್ಲಿ ನಡೆಸಿದ ಇನ್ನೊಂದು ಪ್ರಯೋಗ ನಮಗೆ ಬಹಳ ಮೆಚ್ಚುಗೆಯಾದದ್ದು. ಒಂದು ಸಲಕ್ಕೆ ಕಾವಲುಗಾರ ಎಷ್ಟು ದೂರ ಜಾರುತ್ತಾನೆಂದು ತಿಳಿಯಬೇಕಿತ್ತು. ಅಷ್ಟು ಚಿಕ್ಕ ದೂರವನ್ನು ಯಾವ ಸೂಕ್ಷ್ಮದರ್ಶಕವೂ ಕಾಣಿಸದು. ಅವರು ಡಿಎನ್‌ಎಯಲ್ಲಿ ಒಂದರ ಬದಲು ಎರಡು ಬಾಗಿಲುಗಳನ್ನು ಇಟ್ಟರು. ಎರಡೂ ದೂರ ದೂರ ಇದ್ದರೆ ಯಾವುದಾದರೊಂದು ಸಿಗುವ ವೇಗ ಇಮ್ಮಡಿಯಾಗಬೇಕು. ಒಂದೇ ಓಣಿಯಲ್ಲಿ ಪಕ್ಕಪಕ್ಕದಲ್ಲಿದ್ದರೆ, ಆ ಓಣಿಯನ್ನು ಹೊಕ್ಕವನಿಗೆ ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ, ವೇಗ ಹೆಚ್ಚದು. ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಹೋಗಿ, ಸುಮಾರು 45 ಅಕ್ಷರಜೋಡಿಗಳು ಒಂದು ಸಲದ ಜಾರುವಿಕೆಯ ಉದ್ದವೆಂದು ಅವರು ಕಂಡರು. ಬೆಲೆಬಾಳುವ ಉಪಕರಣಗಳ ನಡುವೆಯೂ ಇಂಥ ಸರಳ ಯುಕ್ತಿಗೆ ಜಾಗವಿದೆಯೆಂಬುದು ಸಂತೋಷದ ಸಂಗತಿ. ಲೆಕ್ಕವನ್ನು ನಾವೇ ತಾಳೆ ನೋಡಬಹುದು. 46 ಲಕ್ಷವನ್ನು 45ರಿಂದ ಭಾಗಿಸಿದರೆ ಸುಮಾರು ಒಂದು ಲಕ್ಷ ತುಣುಕುಗಳು. ಒಂದೊಂದಕ್ಕೆ ಹೆಚ್ಚೆಂದರೆ ಐದು ಮಿಲಿಸೆಕೆಂಡು ಹಿಡಿದರೆ ಒಟ್ಟು ಐದುನೂರು ಸೆಕೆಂಡು, ಎಂಟು ನಿಮಿಷದ ಆಸುಪಾಸು. ಆ ಐದು ಮಿಲಿಸೆಕೆಂಡು ಮೇಲ್ಮಿತಿಯಾದ್ದರಿಂದ ಆರು ನಿಮಿಷದ ಅಳತೆಗೆ ಇದು ಚೆನ್ನಾಗಿ ಹೊಂದುತ್ತದೆ.

ಅದೇ ಪ್ರಯೋಗದಲ್ಲಿ ಇನ್ನೂ ಒಂದು ಅಚ್ಚರಿ ಕಂಡುಬಂದಿತು. ಕಾವಲುಗಾರ ತನ್ನ ಬಾಗಿಲ ಮೇಲೆಯೇ ಜಾರಿ ಹೋಗುವಾಗಲೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಅದನ್ನು ಗುರುತಿಸದೆ ದಾಟಿಬಿಡುತ್ತಾನೆ! ಹಲವು ಬಾರಿ ಹಿಂದೆ ಮುಂದೆ ಜಾರಿದ ಮೇಲಷ್ಟೇ ಕೂಡುವುದು. ಇದು ಕೊರತೆಯೆಂದು ತೋರಬಹುದು. ಆದರೆ ಇಡೀ ವ್ಯವಸ್ಥೆಯ ಗುಟ್ಟು ಇಲ್ಲಿದೆ. ಪ್ರತಿಯೊಂದು ಅಕ್ಷರವನ್ನೂ ನಿಧಾನವಾಗಿ, ಗಟ್ಟಿಯಾಗಿ ಹಿಡಿದು ಪರೀಕ್ಷಿಸುತ್ತ ಕುಳಿತರೆ ಗುರುತು ತಪ್ಪುವುದಿಲ್ಲ, ನಿಜ. ಆದರೆ ಸರಿಯಲ್ಲದ ಲಕ್ಷಾಂತರ ಜಾಗಗಳಲ್ಲೂ ಅಷ್ಟೇ ಹೊತ್ತು ಸಿಕ್ಕಿಕೊಂಡು, ಸರಿಯಾದ ಜಾಗವನ್ನು ಮುಟ್ಟುವ ಹೊತ್ತಿಗೆ ಬ್ಯಾಕ್ಟೀರಿಯಾದ ಎಷ್ಟೋ ತಲೆಮಾರುಗಳು ಕಳೆದಿರುತ್ತವೆ. ಬೇಗ ಬಿಡಬಲ್ಲವನೇ ಬೇಗ ಹುಡುಕಬಲ್ಲ.

ಒಂದೇ ಕೈಯಿಂದ ಸಡಿಲ ಹಿಡಿತವನ್ನೂ ಬಿಗಿ ಹಿಡಿತವನ್ನೂ ಅವನು ಹೇಗೆ ಸಾಧಿಸುತ್ತಾನೆಂಬುದು 2004ರಲ್ಲಿ ನೆದರ್‌ಲೆಂಡ್ಸಿನ ಉಟ್ರೆಕ್ಟಿನಲ್ಲಿ ತಿಳಿದುಬಂದಿತು. ಜಾರುವಾಗ ಪ್ರೋಟೀನಿನ ಕೈ ಡಿಎನ್‌ಎ ಏಣಿಯ ಹೊರಮೈಯನ್ನು, ಅಂದರೆ ಎಲ್ಲೆಡೆಯೂ ಒಂದೇ ತೆರನಾಗಿರುವ ಫಾಸ್ಫೇಟಿನ ಹಗ್ಗವನ್ನು ಮಾತ್ರ ಸಡಿಲವಾಗಿ ಹಿಡಿದಿರುತ್ತದೆ. ಆಗ ಕೈಯನ್ನು ಮೈಗೆ ಸೇರಿಸುವ ಕೀಲು ಆಕಾರವಿಲ್ಲದ ಎಳೆಯಾಗಿರುತ್ತದೆ. ಸರಿಯಾದ ಬಾಗಿಲು ಬಂದಾಗ ಕೈ ಸುರುಳಿಯ ನಡುವಣ ತಗ್ಗಿನೊಳಗೆ ಹೊಕ್ಕು ಅಕ್ಷರಗಳನ್ನೇ ಮುಟ್ಟುತ್ತದೆ. ಕೀಲು ಸುರುಳಿಗೊಂಡು ಗಟ್ಟಿಯಾಗುತ್ತದೆ. ಡಿಎನ್‌ಎ ತುಸು ಬಾಗುತ್ತದೆ. ಅಲ್ಲಿಂದ ಮುಂದೆ ಅದು ಸುಲಭಕ್ಕೆ ಬಿಡುವ ಹಿಡಿತವಲ್ಲ. 2020ರಲ್ಲಿ ಉಪ್ಸಲಾದವರೇ ಇನ್ನಷ್ಟು ಸೂಕ್ಷ್ಮವಾಗಿ ನೋಡಿದಾಗ, ಕಾವಲುಗಾರ ಸುರುಳಿಯ ತಗ್ಗನ್ನೇ ಹಿಡಿದು ತಿರುಪಿನಂತೆ ಸುತ್ತುವುದಲ್ಲದೆ ಆಗಾಗ ಒಂದೆರಡು ತಗ್ಗುಗಳನ್ನು ನೆಗೆದು ದಾಟುತ್ತಾನೆಂದು ಕಂಡಿತು. ಗುರುತು ತಪ್ಪುವುದಕ್ಕೆ ಆ ನೆಗೆತವೂ ಒಂದು ಕಾರಣ.

ಬಾಗಿಲು ಸಿಕ್ಕ ಮೇಲೂ ಕಾವಲುಗಾರನಿಗೆ ಒಂದು ಆಸರೆಯಿದೆ. ಅವನಿಗೆ ಇರುವುದು ಎರಡು ಜೊತೆ ಕೈ. ಮುಖ್ಯ ಬಾಗಿಲಿನ ಹತ್ತಿರದಲ್ಲಿಯೇ, ಒಂದು 92 ಅಕ್ಷರಗಳ ದೂರದಲ್ಲಿ, ಮತ್ತೊಂದು 401 ಅಕ್ಷರಗಳ ದೂರದಲ್ಲಿ, ಅದರಂಥದೇ ಎರಡು ಉಪಬಾಗಿಲುಗಳಿವೆ. ಒಂದು ಜೊತೆ ಕೈಯಿಂದ ಮುಖ್ಯ ಬಾಗಿಲನ್ನೂ ಇನ್ನೊಂದು ಜೊತೆಯಿಂದ ಉಪಬಾಗಿಲನ್ನೂ ಹಿಡಿದು ನಡುವಿನ ಡಿಎನ್‌ಎಯನ್ನು ಕುಣಿಕೆಯಾಗಿ ಬಾಗಿಸುತ್ತಾನೆ. ಒಂದು ಕೈ ಜಾರಿದರೂ ಇನ್ನೊಂದು ದೂರ ಹೋಗಗೊಡದು. 1990ರಲ್ಲಿ ಮುಲ್ಲರ್-ಹಿಲ್ ಅವರ ಬಳಗ ಎರಡು ಉಪಬಾಗಿಲುಗಳನ್ನೂ ಅಳಿಸಿ ನೋಡಿದಾಗ ಕಾವಲಿನ ಬಿಗಿ ಸುಮಾರು ಎಪ್ಪತ್ತು ಪಟ್ಟು ಕುಗ್ಗಿತು.

ಜಾತ್ರೆಯ ನೂಕುನುಗ್ಗಲು

ಭರತ ಹುಣ್ಣಿಮೆಯ ದಿನ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಜನದಟ್ಟಣೆಯೆಂದರೇನೆಂದು ಹೇಳಬೇಕಾಗಿಲ್ಲ. ಜೀವಕೋಶದ ಒಳಗೂ ನಿತ್ಯ ಅಂಥದೇ ದಟ್ಟಣೆ. ಡಿಎನ್‌ಎ ಎಳೆಯ ಮೇಲೆ ನಮ್ಮ ಕಾವಲುಗಾರನೊಬ್ಬನೇ ಇರುವುದಿಲ್ಲ. ಎಳೆಯನ್ನು ಮಡಿಸಿಡುವವು, ಓದುವವು, ನಕಲು ಮಾಡುವವು, ಇತರ ಜೀನುಗಳನ್ನು ಕಾಯುವವು ಎಲ್ಲ ಅಲ್ಲಿಯೇ ಕುಳಿತಿರುತ್ತವೆ. 2012ರ ಪ್ರಯೋಗದಲ್ಲಿ ಬಾಗಿಲ ಪಕ್ಕದಲ್ಲಿಯೇ ಬೇರೊಂದು ಪ್ರೋಟೀನನ್ನು ಕೂಡ್ರಿಸಿ ನೋಡಿದಾಗ, ಆ ಕಡೆಯಿಂದ ಜಾರಿಬರುವ ದಾರಿ ಮುಚ್ಚಿ ಹುಡುಕಾಟ ನಿಧಾನವಾಯಿತು. ಸಣ್ಣ ಸಣ್ಣ ದೂರ ಜಾರಿ ಆಗಾಗ ಎದ್ದುಹೋಗುವ ರೀತಿ ಇಂಥ ಸಂದಣಿಗೆ ಹೇಳಿ ಮಾಡಿಸಿದಂತಿದೆ.

ಎಲ್ಲ ಪ್ರೋಟೀನುಗಳೂ ಇಷ್ಟು ಚುರುಕಲ್ಲ. ಕ್ಯಾಸ್9 ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿದವರು ಇದ್ದಾರೆ. ಜೀನುಗಳನ್ನು ತಿದ್ದಲು ಇಂದು ಬಳಸುವ ಈ ಕತ್ತರಿಯೂ ಮೂಲತಃ ಬ್ಯಾಕ್ಟೀರಿಯಾದ್ದೇ. ದಾಳಿಯಿಡುವ ವೈರಸ್ಸಿನ ಡಿಎನ್‌ಎಯನ್ನು ಕತ್ತರಿಸಲು ಅದು ಇಟ್ಟುಕೊಂಡಿರುವ ಆಯುಧ. ಅದು ಅಕ್ಷರಗಳನ್ನು ಓದಬೇಕಾದರೆ ಪ್ರತಿ ಸಲವೂ ಏಣಿಯ ಎರಡು ಎಳೆಗಳನ್ನು ಬಿಡಿಸಿ ನೋಡಬೇಕು. ಒಂದೇ ಒಂದು ಕ್ಯಾಸ್9 ಇ. ಕೋಲೈಯಲ್ಲಿ ತನ್ನ ಗುರಿಯನ್ನು ಹುಡುಕಲು ಆರು ತಾಸು ಬೇಕೆಂದು 2017ರಲ್ಲಿ ಉಪ್ಸಲಾದವರು ಅಳೆದರು. ರಿಪ್ರೆಸರಿಗೆ ಆರು ನಿಮಿಷ, ಇದಕ್ಕೆ ಆರು ತಾಸು. ಬದಲಾಗಿ ಕ್ಯಾಸ್9ಗೆ ಯಾವ ವಿಳಾಸವನ್ನು ಬರೆದುಕೊಟ್ಟರೂ ಹುಡುಕಬಲ್ಲ ಸಾಮರ್ಥ್ಯವಿದೆ. ರಿಪ್ರೆಸರಿಗೆ ತನ್ನ ಒಂದೇ ಮನೆ ಗೊತ್ತು.

ಬೆಂಗಳೂರಿನ ಪ್ರಯೋಗಶಾಲೆಗಳಲ್ಲಿ

ಈ ವಿದ್ಯೆಯೆಲ್ಲ ಸಮುದ್ರದಾಚೆಯದೇ ಎಂದು ಓದುಗರು ಭಾವಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ಆಕಾರವನ್ನು ಕುರಿತ ಅಧ್ಯಯನಕ್ಕೆ ಜಿ. ಎನ್. ರಾಮಚಂದ್ರನ್ ಅವರು 1970ರ ದಶಕದ ಆರಂಭದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದ ಮಂಜು ಬನ್ಸಾಲ್ ಅವರೂ ಅವರ ಶಿಷ್ಯೆ ಅದಿತಿ ಕಾನ್ಹೆರೆಯವರೂ 2005ರಲ್ಲಿ ಒಂದು ಮಹತ್ವದ ಸಂಗತಿಯನ್ನು ತೋರಿಸಿದರು. ಜೀನನ್ನು ಓದುವ ಯಂತ್ರ ಎಲ್ಲಿಂದ ಓದಲು ಆರಂಭಿಸಬೇಕೋ ಆ ಜಾಗದ ಡಿಎನ್‌ಎ ಸುತ್ತಲಿನದಕ್ಕಿಂತ ಸಡಿಲವಾಗಿ ಹೆಣೆದಿರುತ್ತದೆ. ಅಕ್ಷರಗಳನ್ನು ಬಿಡಿಬಿಡಿಯಾಗಿ ಓದದೆ ಆ ಸಡಿಲಿಕೆಯನ್ನು ಲೆಕ್ಕ ಹಾಕಿಯೇ ಬ್ಯಾಕ್ಟೀರಿಯಾದ ಜೀನುಗಳ ಆರಂಭಸ್ಥಾನಗಳನ್ನು ಊಹಿಸಬಹುದು. ವಿಳಾಸವೆಂದರೆ ಬರೆದ ಅಕ್ಷರ ಮಾತ್ರವಲ್ಲ, ನೆಲದ ಮೆದುತನವೂ ವಿಳಾಸವೇ.

ಅದೇ ಸಂಸ್ಥೆಯ ವಿ. ನಾಗರಾಜ ಅವರ ಪ್ರಯೋಗಶಾಲೆ ಇನ್ನೊಂದು ಬಗೆಯ ಹುಡುಕಾಟಗಾರನನ್ನು ಪರೀಕ್ಷಿಸಿತು. ಕೆಪಿಎನ್-1 ಎಂಬ ಕಿಣ್ವಕ್ಕೆ ಡಿಎನ್‌ಎಯಲ್ಲಿ ಆರು ಅಕ್ಷರಗಳ ಒಂದು ಗೊತ್ತಾದ ಪದವನ್ನು ಕಂಡಲ್ಲಿ ಕತ್ತರಿಸುವುದೇ ಕಾಯಕ. ಮೆಗ್ನೀಸಿಯಮ್ ಜೊತೆಗಿದ್ದಾಗ ಅದು ಸರಿಯಾದ ಪದವನ್ನಷ್ಟೇ ಅಲ್ಲ, ಅದನ್ನು ಹೋಲುವ ಪದಗಳನ್ನೂ ಕತ್ತರಿಸಿಹಾಕುತ್ತದೆ. ಮೆಗ್ನೀಸಿಯಮ್ಮಿಗೆ ಬದಲು ಕ್ಯಾಲ್ಸಿಯಮ್, ಅಂದರೆ ಸುಣ್ಣದ ಅಂಶವನ್ನು ಕೊಟ್ಟರೆ ಅದೇ ಕಿಣ್ವ ಒಮ್ಮೆಲೇ ಶಿಸ್ತಿಗೆ ಬಂದು ಸರಿಯಾದ ಜಾಗವನ್ನು ಮಾತ್ರ ಕತ್ತರಿಸುತ್ತದೆಂದು ಅವರು 2004ರಲ್ಲಿ ಪ್ರಕಟಿಸಿದರು. ಇಂಥ ಹೆಚ್ಚಿನ ಕಿಣ್ವಗಳಲ್ಲಿ ಕ್ಯಾಲ್ಸಿಯಮ್ ಕೆಲಸವನ್ನೇ ನಿಲ್ಲಿಸಿಬಿಡುವುದರಿಂದ ಈ ಫಲಿತಾಂಶ ಅನಿರೀಕ್ಷಿತವಾಗಿತ್ತು.

ಇದರಿಂದ ನಮ್ಮ ಮನೆಮಂದಿಗೆ ಆಗಬೇಕಾದದ್ದೇನು ಎಂಬ ಪ್ರಶ್ನೆ ಸಹಜ. ಟೆಟ್ರಾಸೈಕ್ಲಿನ್ ಎಂಬ ಔಷಧ ಮನುಷ್ಯರಿಗೂ ದನಕರುಗಳಿಗೂ ಗೊತ್ತಿರುವುದೇ. ಈ ಔಷಧಕ್ಕೆ ಬಗ್ಗದ ಅನೇಕ ಬ್ಯಾಕ್ಟೀರಿಯಾಗಳ ಒಳಗೆ ಟೆಟ್-ಆರ್ ಎಂಬ ಒಬ್ಬ ಕಾವಲುಗಾರನಿದ್ದಾನೆ. 2012ರ ಪ್ರಯೋಗದಲ್ಲಿ ದಾರಿಗೆ ಅಡ್ಡ ಕೂಡ್ರಿಸಿದ್ದೂ ಇವನನ್ನೇ. ಇವನು ಕಾಯುವುದು ಒಂದು ಪಂಪಿನ ಜೀನನ್ನು. ಔಷಧ ಒಳಗೆ ಬರುವವರೆಗೆ ಪಂಪು ತಯಾರಾಗುವುದಿಲ್ಲ. ಔಷಧದ ಅಲ್ಪ ಅಂಶ ಬಂದರೂ ಸಾಕು, ಅದು ಟೆಟ್-ಆರ್‌ನ್ನು ಹಿಡಿಯುತ್ತದೆ, ಅವನು ಬಾಗಿಲು ಬಿಡುತ್ತಾನೆ, ಪಂಪು ತಯಾರಾಗಿ ಔಷಧವನ್ನು ಬಂದ ಹಾಗೆಯೇ ಹೊರಗೆ ತಳ್ಳುತ್ತದೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು, ಜ್ವರ ಇಳಿದೊಡನೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ! ಔಷಧವನ್ನು ಹೀಗೆ ಹಗುರವಾಗಿ ಬಳಸಿದಷ್ಟೂ ಸಾಧಾರಣ ಬ್ಯಾಕ್ಟೀರಿಯಾಗಳು ಸತ್ತು, ಇಂಥ ಪಂಪು ಉಳ್ಳವು ಉಳಿದು ಬೆಳೆಯುತ್ತವೆ.

ಕ್ಷಯರೋಗದ ವಿಷಯ ಇನ್ನೂ ಗಂಭೀರ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. ಆ ರೋಗಾಣುವಿನಲ್ಲಿ ಎಚ್‌ಯು ಎಂಬ ಪ್ರೋಟೀನ್ ಯಾವ ನಿರ್ದಿಷ್ಟ ವಿಳಾಸವನ್ನೂ ಹುಡುಕದೆ ಡಿಎನ್‌ಎಯನ್ನು ಎಲ್ಲೆಂದರಲ್ಲಿ ಹಿಡಿದು ಒತ್ತಾಗಿ ಮಡಿಸಿಡುತ್ತದೆ. ಅದಿಲ್ಲದೆ ರೋಗಾಣು ಬದುಕಲಾರದು. 2014ರಲ್ಲಿ ನಾಗರಾಜ ಅವರೂ ಅದೇ ಸಂಸ್ಥೆಯ ಎಸ್. ರಾಮಕುಮಾರ್ ಅವರೂ ಸಂಗಡಿಗರೊಂದಿಗೆ ಎಚ್‌ಯುವಿನ ಆಕಾರವನ್ನು ಬಿಡಿಸಿ, ಅದು ಡಿಎನ್‌ಎಯನ್ನು ಹಿಡಿಯುವ ಜಾಗಕ್ಕೆ ಹೊಂದಿ ಕುಳಿತು ಹಿಡಿತವನ್ನು ತಪ್ಪಿಸುವ ಸಣ್ಣ ಸಂಯುಕ್ತಗಳನ್ನು ಗುರುತಿಸಿದರು. ಪ್ರಯೋಗಶಾಲೆಯಲ್ಲಿ ಅವು ರೋಗಾಣುವಿನ ಬೆಳವಣಿಗೆಯನ್ನು ತಡೆದವು. ಪ್ರಯೋಗಶಾಲೆಯಿಂದ ಔಷಧದ ಅಂಗಡಿಗೆ ಇರುವ ದಾರಿ ಬಹು ಉದ್ದವೆಂಬುದನ್ನು ಇಲ್ಲಿ ನೆನಪಿಡಬೇಕು.

ಇದೇ ರೋಗಾಣುವಿನಲ್ಲಿ ಎಥ್-ಆರ್ ಎಂಬ ಕಾವಲುಗಾರನೂ ಇದ್ದಾನೆ, ಟೆಟ್-ಆರ್‌ನ ಮನೆತನದವನೇ. ಸಾಮಾನ್ಯ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಕೊಡುವ ಎಥಿಯೋನಮೈಡ್ ಎಂಬ ಗುಳಿಗೆ ತಾನಾಗಿ ಕೆಲಸ ಮಾಡುವುದಿಲ್ಲ. ರೋಗಾಣುವಿನ ಒಳಗಿನ ಒಂದು ಕಿಣ್ವ ಅದನ್ನು ಮಾರ್ಪಡಿಸಿದ ಮೇಲಷ್ಟೇ ಅದು ವಿಷವಾಗುತ್ತದೆ. ಆ ಕಿಣ್ವದ ಜೀನಿನ ಬಾಗಿಲಲ್ಲಿ ಎಥ್-ಆರ್ ಕುಳಿತಿರುವುದರಿಂದ ಕಿಣ್ವ ಕಡಿಮೆ. ಹಾಗಾಗಿ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಹೆಚ್ಚಿಸಿದರೆ ರೋಗಿಗೆ ಓಕರಿಕೆ, ಪಿತ್ತಜನಕಾಂಗಕ್ಕೆ ಪೆಟ್ಟು. 2009ರಲ್ಲಿ ಫ್ರಾನ್ಸಿನ ಸಂಶೋಧಕರು ಎಥ್-ಆರ್ ಬಾಗಿಲನ್ನು ಹಿಡಿಯದಂತೆ ಮಾಡುವ ಸಂಯುಕ್ತವೊಂದನ್ನು ಎಥಿಯೋನಮೈಡ್ ಜೊತೆಗೆ ಇಲಿಗಳಿಗೆ ಕೊಟ್ಟಾಗ ಗುಳಿಗೆಯ ಪರಿಣಾಮ ಹೆಚ್ಚಿತು. ಇದೇ ಜಾಡಿನಲ್ಲಿ ಮುಂದೆ ಸಿದ್ಧವಾದ ಆಲ್ಪಿಬೆಕ್ಟಿರ್ ಎಂಬ ಸಂಯುಕ್ತ ವಿರ್-ಎಸ್ ಎಂಬ ಇನ್ನೊಂದು ನಿಯಂತ್ರಕ ಪ್ರೋಟೀನಿನ ಮೂಲಕ ಎಥಿಯೋನಮೈಡಿಗೆ ಬಲ ಕೊಡುತ್ತದೆ. ಅದನ್ನು ಎಥಿಯೋನಮೈಡ್ ಜೊತೆಗೂಡಿಸಿ ಕ್ಷಯರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ ದಕ್ಷಿಣ ಆಫ್ರಿಕದಲ್ಲಿ ನಡೆದಿದೆ.